ಒಂದು ಶಾಲು, ಒಂದು ಡಿಎನ್‌ಎ, ಒಬ್ಬ ಬಡ ಕ್ಷೌರಿಕ

ಕಳೆದ ತಿಂಗಳು ದ್ವಿತೀಯ ಪಿಯುಸಿ ತರಗತಿಯಲ್ಲಿ ಇತಿಹಾಸದ ಆಧಾರಗಳ ಪಾಠ ನಡೆದಿತ್ತು. ಸಾಹಿತ್ಯಿಕ ಆಧಾರ, ಪುರಾತತ್ವ ಆಧಾರ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಜ್ಯಾಕ್ ದಿ ರಿಪ್ಪರ್ ಯಾರು ಅಂತ ಡಿಎನ್‌ಎ ಟೆಸ್ಟಿನಿಂದ ಗೊತ್ತಾಯ್ತಂತಲ್ಲ? ಪೋಲೆಂಡಿನಿಂದ ಬಂದ ಯಾರೋ ಹುಚ್ಚನಂತೆ. ಮೊಬೈಲಲ್ಲಿ ನೋಡಿದೆ" ಎಂದ. ಅರ್ಧ ಕ್ಲಾಸು ತಲೆಯಾಡಿಸಿತು. ಅಷ್ಟರಲ್ಲಿ ಬೆಲ್ ಆಯಿತು. "ಒಂದು ಸಾಲಿನ ಉತ್ತರ ಅಲ್ಲಪ್ಪ, ನ್ಯೂಸ್‌ಲೆಟರಿಗೆ ಬರೆಯುತ್ತೇನೆ" ಎಂದು ಹೇಳಿ ಹೊರಬಂದೆ. ಆ ಮಾತಿನ ಸಾಲ ತೀರಿಸಲು ಈ ಲೇಖನ.

ಗೊತ್ತಿಲ್ಲದವರಿಗಾಗಿ ಮೊದಲು ಘಟನೆ. 1888ರಲ್ಲಿ ಲಂಡನ್ನಿನ ಪೂರ್ವ ಭಾಗದ ವೈಟ್‌ಚಾಪೆಲ್ ಎಂಬ ಬಡ ಬಸ್ತಿ ಮತ್ತು ಅದರ ಸುತ್ತಮುತ್ತ ಐವರು ಹೆಂಗಸರ ಕೊಲೆಯಾಯಿತು. ಆಗಸ್ಟ್ 31ರಂದು ಮೇರಿ ಆ್ಯನ್ ನಿಕೋಲ್ಸ್, ಸೆಪ್ಟೆಂಬರ್ 8ರಂದು ಆ್ಯನಿ ಚಾಪ್‌ಮನ್, ಸೆಪ್ಟೆಂಬರ್ 30ರ ಒಂದೇ ರಾತ್ರಿಯಲ್ಲಿ ಎಲಿಜಬೆತ್ ಸ್ಟ್ರೈಡ್ ಮತ್ತು ಕ್ಯಾಥರೀನ್ ಎಡೋಸ್, ನವೆಂಬರ್ 9ರಂದು ಮೇರಿ ಜೇನ್ ಕೆಲ್ಲಿ. ಐವರೂ ಕಡುಬಡವರು. ಅಂದಂದಿನ ರಾತ್ರಿಯ ಹಾಸಿಗೆಗೆ ಅಂದಂದೇ ಕಾಸು ಹೊಂದಿಸಬೇಕಾದ ಸ್ಥಿತಿ ಹೆಚ್ಚಿನವರದು. ಕೊಲೆಗಾರ ಸಿಗಲೇ ಇಲ್ಲ. ಅವನಿಗೆ ಜನ ಕರೆಯುವ ಹೆಸರು ಕೂಡ ಒಂದು ಸುದ್ದಿ ಸಂಸ್ಥೆಗೆ ಬಂದ ಪತ್ರದ ಕೆಳಗಿನ ಸಹಿಯಿಂದ ಬಂದದ್ದು. ಆ ಪತ್ರವನ್ನು ಬರೆದದ್ದು ಕೊಲೆಗಾರನಲ್ಲ, ಯಾರೋ ಪತ್ರಕರ್ತನೇ ಎಂದು ಹಿರಿಯ ಪೊಲೀಸ್ ಅಧಿಕಾರಿಗಳೇ ನಂಬಿದ್ದರು.

ಈಗ ನಮ್ಮ ಹುಡುಗ ಹೇಳಿದ ಆ ಪೋಲೆಂಡಿನವನ ವಿಷಯ.

ಅವನ ಹೆಸರು ಆರನ್ ಕೊಸ್ಮಿನ್‌ಸ್ಕಿ. ಹುಟ್ಟಿದ್ದು 1865ರಲ್ಲಿ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಪೋಲೆಂಡಿನ ಕ್ವೊಡಾವಾ ಎಂಬ ಊರಿನ ಯಹೂದಿ ಕುಟುಂಬದಲ್ಲಿ. 1881ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾಯಿತು. ಅದರ ಹಿಂದೆಯೇ ಯಹೂದಿಗಳ ಮೇಲೆ ದಾಳಿಗಳು ಶುರುವಾದವು, ಸಾವಿರಾರು ಕುಟುಂಬಗಳು ಪಶ್ಚಿಮಕ್ಕೆ ಗುಳೆ ಹೊರಟವು. ಆರನ್ ತನ್ನ ಅಣ್ಣಂದಿರು ಮತ್ತು ಅಕ್ಕಂದಿರ ಜೊತೆ ಲಂಡನ್ನಿಗೆ ಬಂದದ್ದೂ ಆ ಹೊತ್ತಿಗೇ. ಕಸುಬು ಕ್ಷೌರ. ಕೊಲೆಗಳು ನಡೆದಾಗ ಅವನಿಗೆ 23 ವರ್ಷ. 1889ರ ಡಿಸೆಂಬರಿನಲ್ಲಿ ಬಾಯಿಗೆ ಕುಕ್ಕೆ ಹಾಕದ ನಾಯಿಯನ್ನು ಬೀದಿಯಲ್ಲಿ ಕರೆದುಕೊಂಡು ಹೋದದ್ದಕ್ಕೆ ಅವನಿಗೆ ದಂಡ ಬಿತ್ತು. ನ್ಯಾಯಾಲಯದ ಮುಂದೆ ಅವನು ಆರೋಪಿಯಾಗಿ ನಿಂತದ್ದು ತಿಳಿದಿರುವ ಮಟ್ಟಿಗೆ ಅದೊಂದೇ ಸಲ, ಅದೂ ನಾಯಿಯ ವಿಷಯಕ್ಕೆ!

ಆಮೇಲೆ ಅವನ ಬುದ್ಧಿ ಸ್ಥಿಮಿತ ತಪ್ಪಿತು. 1890ರ ಜುಲೈನಲ್ಲಿ ಮನೆಯವರು ಅವನನ್ನು ಬಡವರಿಗಾಗಿ ಸರ್ಕಾರ ನಡೆಸುತ್ತಿದ್ದ ವರ್ಕ್‌ಹೌಸಿಗೆ ಸೇರಿಸಿ, ಮೂರೇ ದಿನಕ್ಕೆ ವಾಪಸ್ ಕರೆದುಕೊಂಡು ಹೋದರು. 1891ರ ಫೆಬ್ರವರಿ 4ರಂದು ಮತ್ತೆ ಕರೆತಂದರು. 7ರಂದು ಅವನನ್ನು ಕೋಲ್ನಿ ಹ್ಯಾಚ್ ಮಾನಸಿಕ ಆಸ್ಪತ್ರೆಗೆ ಕಳಿಸಲಾಯಿತು. ದಾಖಲೆಯಲ್ಲಿರುವ ವಿವರ ಓದಿದರೆ ಮನಸ್ಸು ಭಾರವಾಗುತ್ತದೆ. ಅವನ ಕಿವಿಯಲ್ಲಿ ಏನೋ ದನಿಗಳು ಕೇಳಿಸುತ್ತಿದ್ದವು. ಬೇರೆಯವರು ಕೊಟ್ಟ ಊಟ ಮುಟ್ಟದೆ ಚರಂಡಿಯ ಪಕ್ಕ ಬಿದ್ದ ರೊಟ್ಟಿಯ ಚೂರು ಆರಿಸಿ ತಿನ್ನುತ್ತಿದ್ದ. ಸ್ನಾನ ಮಾಡಲು ಒಪ್ಪುತ್ತಿರಲಿಲ್ಲ, ವರ್ಷಗಳಿಂದ ದುಡಿಮೆ ಇರಲಿಲ್ಲ. ಒಮ್ಮೆ ಅಕ್ಕನಿಗೆ ಚಾಕು ತೋರಿಸಿ ಬೆದರಿಸಿದ್ದ ಎಂದೂ ಒಬ್ಬ ಪರಿಚಿತ ಹೇಳಿಕೆ ಕೊಟ್ಟಿದ್ದಾನೆ. ಈ ಕೊನೆಯ ಸಾಲನ್ನು ಸಂದೇಹಪಡುವವರು ಬಿಡದೆ ಎತ್ತಿ ತೋರಿಸುತ್ತಾರೆ. ಆದರೆ ಆಸ್ಪತ್ರೆಗೆ ಸೇರಿಸುವಾಗಿನ ದಾಖಲೆಯಲ್ಲೇ 'ಇತರರಿಗೆ ಅಪಾಯಕಾರಿಯೇ?' ಎಂಬ ಕಾಲಮಿಗೆ 'ಅಲ್ಲ' ಎಂಬ ಉತ್ತರ ಇದೆ. ಅದನ್ನು ತೋರಿಸುವವರು ಕಡಿಮೆ.

ಹಾಗಾದರೆ ಇವನ ಹೆಸರು ಕೊಲೆ ಪ್ರಕರಣದೊಳಗೆ ಬಂದದ್ದು ಹೇಗೆ? ಮೂರು ಕಾಗದಗಳಿಂದ. ನಾನು ಸಾಕ್ಷಿ ಎನ್ನದೆ ಕಾಗದ ಎನ್ನುತ್ತಿರುವುದು ಬೇಕೆಂದೇ.

ಮೊದಲನೆಯದು 1894ರ ಫೆಬ್ರವರಿಯಲ್ಲಿ ಲಂಡನ್ ಪೊಲೀಸಿನ ಹಿರಿಯ ಅಧಿಕಾರಿ ಮೆಲ್ವಿಲ್ ಮ್ಯಾಕ್‌ನಾಟನ್ ಬರೆದಿಟ್ಟ ಟಿಪ್ಪಣಿ. ಒಂದು ಪತ್ರಿಕೆ ಬೇರೊಬ್ಬನನ್ನು ಕೊಲೆಗಾರ ಎಂದು ಬರೆದಿತ್ತು. ಅದನ್ನು ಅಲ್ಲಗಳೆಯಲು ಈ ಅಧಿಕಾರಿ ಅವನಿಗಿಂತ ಹೆಚ್ಚು ಸಂದೇಹ ಪಡಬಹುದಾದ ಮೂವರ ಹೆಸರು ಕೊಟ್ಟರು. ಒಬ್ಬ ಥೇಮ್ಸ್ ನದಿಯಲ್ಲಿ ಹೆಣವಾಗಿ ಸಿಕ್ಕ ಡ್ರುಯಿಟ್, ಇನ್ನೊಬ್ಬ ಆಸ್ಟ್ರೋಗ್ ಎಂಬ ಮೋಸಗಾರ, ಮತ್ತೊಬ್ಬ 'ಕೊಸ್ಮಿನ್‌ಸ್ಕಿ ಎಂಬ ಪೋಲೆಂಡಿನ ಯಹೂದಿ'. ಮೊದಲ ಹೆಸರೇ ಇಲ್ಲ. ಅವನು 1889ರ ಮಾರ್ಚ್ ಸುಮಾರಿಗೆ ಆಸ್ಪತ್ರೆ ಸೇರಿದ ಎಂದು ಬರೆದಿದ್ದಾರೆ. ನಿಜಕ್ಕೂ ಸೇರಿದ್ದು 1891ರಲ್ಲಿ. ಡ್ರುಯಿಟ್‌ನನ್ನು ಡಾಕ್ಟರ್ ಎಂದಿದ್ದಾರೆ. ಅವನು ವಕೀಲ, ಜೊತೆಗೆ ಶಾಲಾ ಮಾಸ್ತರ. ಆಸ್ಟ್ರೋಗ್ 1888ರ ಆ ತಿಂಗಳುಗಳಲ್ಲಿ ಫ್ರಾನ್ಸಿನ ಜೈಲಿನಲ್ಲಿದ್ದ ಎಂದು ನಂತರದ ಸಂಶೋಧಕರು ಕಂಡುಹಿಡಿದರು. ಮೂರು ಹೆಸರಿಗೆ ಮೂರು ತಪ್ಪು! ಉತ್ತರ ಪತ್ರಿಕೆಯಲ್ಲಿ ನೀವು ಹೀಗೆ ಬರೆದರೆ ನಾನು ಎಷ್ಟು ಅಂಕ ಕೊಡುತ್ತೇನೆ ಎಂಬುದು ನಿಮಗೇ ಗೊತ್ತು.

ಈ ಮ್ಯಾಕ್‌ನಾಟನ್‌ಗೆ ನಮ್ಮ ದೇಶದ ನಂಟೂ ಇದೆ. ಬಂಗಾಳದಲ್ಲಿ ತಂದೆಯ ಜಮೀನುಗಳನ್ನು ವರ್ಷಗಟ್ಟಲೆ ನೋಡಿಕೊಂಡಿದ್ದವರು ಇವರು. ಒಮ್ಮೆ ರೈತರ ಗಲಭೆಯಲ್ಲಿ ಏಟು ತಿಂದು, ಆ ಸಂದರ್ಭದಲ್ಲೇ ಅಲ್ಲಿನ ಪೊಲೀಸ್ ಮುಖ್ಯಸ್ಥ ಜೇಮ್ಸ್ ಮನ್ರೋ ಅವರ ಗೆಳೆತನ ಸಂಪಾದಿಸಿದರು. ಆ ಗೆಳೆತನವೇ ಮುಂದೆ ಲಂಡನ್ ಪೊಲೀಸಿನ ಕೆಲಸಕ್ಕೆ ದಾರಿಯಾಯಿತು. ಆದರೆ ಅವರು ಕೆಲಸಕ್ಕೆ ಸೇರಿದ್ದು 1889ರ ಜೂನ್‌ನಲ್ಲಿ. ಅಷ್ಟರಲ್ಲಿ ಐದೂ ಕೊಲೆಗಳು ಮುಗಿದು ತಿಂಗಳುಗಳೇ ಕಳೆದಿದ್ದವು. ಅಂದರೆ ಟಿಪ್ಪಣಿಯಲ್ಲಿರುವುದು ಕಣ್ಣಾರೆ ಕಂಡದ್ದಲ್ಲ, ಕಡತದಿಂದಲೋ ಸಹೋದ್ಯೋಗಿಗಳ ಬಾಯಿಂದಲೋ ತಿಳಿದದ್ದು.

ಎರಡನೆಯ ಕಾಗದ ರಾಬರ್ಟ್ ಆ್ಯಂಡರ್ಸನ್ ಅವರದು. ಕೊಲೆಗಳ ಕಾಲದಲ್ಲಿ ಪತ್ತೇದಾರಿ ವಿಭಾಗದ ಮುಖ್ಯಸ್ಥರಾಗಿದ್ದ ಇವರು 1910ರಲ್ಲಿ ತಮ್ಮ ನೆನಪುಗಳನ್ನು ಬರೆದರು. ಕೊಲೆಗಾರ ಪೋಲೆಂಡಿನ ಯಹೂದಿಯೆಂಬುದು ಖಚಿತವಾಗಿ ಗೊತ್ತಿತ್ತು, ಅವನನ್ನು ಚೆನ್ನಾಗಿ ನೋಡಿದ್ದ ಒಬ್ಬ ಸಾಕ್ಷಿ ಗುರುತು ಕೂಡ ಹಿಡಿದ, ಆದರೆ ಆರೋಪಿ ತನ್ನ ಜಾತಿಯವನೇ ಎಂದು ಗೊತ್ತಾದ ಮೇಲೆ ಕೋರ್ಟಿನಲ್ಲಿ ಹೇಳಲು ಒಪ್ಪಲಿಲ್ಲ ಎಂಬುದು ಅವರ ವಾದ. ಹೆಸರು ಹೇಳಲಿಲ್ಲ. ಅಷ್ಟೇ ಅಲ್ಲ, ಅಲ್ಲಿನ ಕೆಳವರ್ಗದ ಯಹೂದಿಗಳು ತಮ್ಮವರನ್ನು ಪೊಲೀಸರಿಗೆ ಹಿಡಿದುಕೊಡುವವರಲ್ಲ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಇಡೀ ಒಂದು ಸಮುದಾಯದ ತಲೆಗೆ ಕಟ್ಟುವ ಇಂಥ ಮಾತಿಗೆ ಆಧಾರ ಏನು ಎಂದು ಆಗಲೇ ಯಹೂದಿ ಪತ್ರಿಕೆಯವರು ಪ್ರತಿಭಟಿಸಿದ್ದರು. ಸರಿಯಾದ ಉತ್ತರ ಬರಲಿಲ್ಲ.

ಮೂರನೆಯದು ಕಾಗದ ಕೂಡ ಅಲ್ಲ, ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದು. ಈ ಪ್ರಕರಣದ ಎಲ್ಲ ವರದಿಗಳೂ ಯಾರ ಮೇಜಿನ ಮೇಲೆ ಬಂದು ಬೀಳುತ್ತಿದ್ದವೋ ಆ ಡೊನಾಲ್ಡ್ ಸ್ವಾನ್ಸನ್ ತಮ್ಮಲ್ಲಿದ್ದ ಆ್ಯಂಡರ್ಸನ್ ಪುಸ್ತಕದ ಪ್ರತಿಯಲ್ಲಿ ಟಿಪ್ಪಣಿ ಮಾಡಿ, ಕೊನೆಗೆ ಆ ಸಂದೇಹಿತ ಕೊಸ್ಮಿನ್‌ಸ್ಕಿ ಎಂದು ಬರೆದಿಟ್ಟರು. ಇದು ಹೊರಜಗತ್ತಿಗೆ ತಿಳಿದದ್ದು 1987ರಲ್ಲಿ. ನ್ಯಾಯವಾಗಿ ಹೇಳಬೇಕೆಂದರೆ ಇದು ಹಗುರವಾದ ಆಧಾರವಲ್ಲ. ಸ್ವಾನ್ಸನ್ ಕಡತ ಬಲ್ಲವರು, ಬಾಯಿಬಡುಕರಲ್ಲ, ಹಣಕ್ಕಾಗಿ ಬರೆದವರೂ ಅಲ್ಲ. ಆದರೆ ಅವರು ಬರೆದ ಪ್ರಕಾರ ಸಂದೇಹಿತ ಆಸ್ಪತ್ರೆ ಸೇರಿ ಸ್ವಲ್ಪ ಕಾಲದಲ್ಲೇ ತೀರಿಕೊಂಡ. ನಮ್ಮ ಕೊಸ್ಮಿನ್‌ಸ್ಕಿ ಬದುಕಿದ್ದು 1919ರವರೆಗೆ. ಸಂದೇಹಿತನನ್ನು ಗುರುತು ಹಿಡಿಸಲು 'ಸೀಸೈಡ್ ಹೋಮ್'ಗೆ, ಅಂದರೆ ಸಮುದ್ರ ತೀರದಲ್ಲಿ ಪೊಲೀಸರು ಕಾಯಿಲೆಯಿಂದ ಸುಧಾರಿಸಿಕೊಳ್ಳುವ ಮನೆಗೆ ಕರೆದೊಯ್ದರು ಎಂದೂ ಬರೆದಿದ್ದಾರೆ. ಲಂಡನ್ನಿನಲ್ಲಿ ಅಷ್ಟೊಂದು ಠಾಣೆಗಳಿರುವಾಗ ಅಷ್ಟು ದೂರ ಯಾಕೆ ಎಂಬುದಕ್ಕೆ ಇವತ್ತಿಗೂ ಯಾರಲ್ಲೂ ಒಪ್ಪುವ ಉತ್ತರವಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಒಂದು ತಾರೀಖಿನ ಲೆಕ್ಕ. ಕೊಸ್ಮಿನ್‌ಸ್ಕಿ ಕೋಲ್ನಿ ಹ್ಯಾಚ್ ಸೇರಿದ್ದು 1891ರ ಫೆಬ್ರವರಿ 7ರಂದು. ಅದೇ ತಿಂಗಳು 13ರಂದು ವೈಟ್‌ಚಾಪೆಲ್‌ನಲ್ಲಿ ಫ್ರಾನ್ಸಿಸ್ ಕೋಲ್ಸ್ ಎಂಬಾಕೆಯ ಕೊಲೆಯಾಯಿತು. ಪೊಲೀಸರು ಸ್ಯಾಡ್ಲರ್ ಎಂಬ ಹಡಗಿನ ಕೆಲಸಗಾರನನ್ನು ಹಿಡಿದು, 1888ರ ಕೊಲೆಗಳ ದಿನಗಳಲ್ಲಿ ಅವನು ಎಲ್ಲಿದ್ದ ಎಂದು ಒಂದೊಂದಾಗಿ ತಪಾಸಣೆ ಮಾಡಿದರು. ಹಳೆಯ ಕೊಲೆಯೊಂದರ ಸಾಕ್ಷಿಯನ್ನು ಕರೆಸಿ ಅವನ ಮುಖ ತೋರಿಸಿದರೆಂದೂ ಅಂದಿನ ಪತ್ರಿಕೆಯಲ್ಲಿ ವರದಿಯಾಗಿದೆ. ಸಾಕ್ಷಿ ಗುರುತಿಸಲಿಲ್ಲ. ಈಗ ಯೋಚಿಸಿ. ನಿಜವಾದ ಕೊಲೆಗಾರ ಸಿಕ್ಕಿದ್ದಾನೆ, ಸಾಕ್ಷಿ ಗುರುತಿಸಿಯೂ ಆಗಿದೆ, ಅವನು ವಾರದ ಹಿಂದೆಯಷ್ಟೇ ಆಸ್ಪತ್ರೆಯ ಬೀಗದೊಳಗೆ ಸೇರಿದ್ದಾನೆ ಎಂದು ಪೊಲೀಸರಿಗೆ ಗೊತ್ತಿದ್ದರೆ, ಆ ಹಳೆಯ ಕೊಲೆಗಳಿಗಾಗಿ ಇನ್ನೊಬ್ಬನ ಜಾತಕ ತೆಗೆಯುತ್ತಿದ್ದರೇ?

ಸಾಕ್ಷಿಗಳ ವಿಷಯವೂ ಅಷ್ಟೇ. ಎಡೋಸ್ ಕೊಲೆಯಾಗುವ ಸುಮಾರು ಹತ್ತು ನಿಮಿಷ ಮೊದಲು ಆಕೆಯನ್ನೇ ಹೋಲುವ ಹೆಂಗಸಿನ ಜೊತೆ ಒಬ್ಬ ಗಂಡಸನ್ನು ನೋಡಿದವರು ಜೋಸೆಫ್ ಲವೆಂಡೆ. ಇವರು ಯಹೂದಿ. ಆ್ಯಂಡರ್ಸನ್ ಹೇಳಿದ ಸಾಕ್ಷಿ ಇವರೇ ಇರಬೇಕೆಂದು ಹಲವರ ಊಹೆ. ಆದರೆ ವಿಚಾರಣೆಯಲ್ಲಿ ಲವೆಂಡೆ, ಆ ವ್ಯಕ್ತಿಯನ್ನು ಮತ್ತೆ ನೋಡಿದರೆ ಗುರುತಿಸಬಲ್ಲೆನೋ ಇಲ್ಲವೋ ಅನುಮಾನ ಎಂದಿದ್ದರು. ಘಟನೆಯಾದ ಕೆಲವೇ ದಿನಗಳಲ್ಲಿ ಅನುಮಾನ ಪಟ್ಟವರು ಎರಡು ವರ್ಷದ ಮೇಲೆ ಕಂಡ ಕೂಡಲೇ ಗುರುತಿಸಿದರೆಂದರೆ ನಂಬುವುದು ಹೇಗೆ?

ಇಷ್ಟಕ್ಕೂ ಅಂದಿನ ಅಧಿಕಾರಿಗಳಲ್ಲೇ ಒಮ್ಮತವಿರಲಿಲ್ಲ. ಆ್ಯಂಡರ್ಸನ್‌ಗೆ ಪೋಲೆಂಡಿನ ಯಹೂದಿ. ಮ್ಯಾಕ್‌ನಾಟನ್‌ಗೆ ಕೊನೆಗೆ ಡ್ರುಯಿಟ್. ಬೀದಿ ಬೀದಿ ತಿರುಗಿ ತನಿಖೆ ಮಾಡಿದ ಇನ್ಸ್‌ಪೆಕ್ಟರ್ ಆ್ಯಬರ್‌ಲೈನ್ 1903ರಲ್ಲಿ ಹೆಂಡತಿಯರಿಗೆ ವಿಷವಿಕ್ಕಿ ಗಲ್ಲಿಗೇರಿದ ಚಾಪ್‌ಮನ್‌ನತ್ತ ಬೆರಳು ತೋರಿಸಿದರು, ಹುಚ್ಚಾಸ್ಪತ್ರೆಯಲ್ಲಿ ಸತ್ತವನ ಕಥೆಯನ್ನು ತಳ್ಳಿಹಾಕಿದರು. ಲಿಟಲ್‌ಚೈಲ್ಡ್ ಎಂಬ ಇನ್ನೊಬ್ಬ ಅಧಿಕಾರಿ 1913ರಲ್ಲಿ ಬರೆದ ಪತ್ರದಲ್ಲಿ ಟಂಬಲ್ಟಿ ಎಂಬ ಅಮೆರಿಕದ ನಾಟಿ ವೈದ್ಯನ ಹೆಸರು ಹೇಳಿದರು. ನಾಲ್ವರು ಅಧಿಕಾರಿಗಳು, ನಾಲ್ಕು ಹೆಸರು.

ಇನ್ನು ಡಿಎನ್‌ಎ. ಎಲ್ಲರೂ ಕಾಯುತ್ತಿರುವುದು ಇದಕ್ಕೇ ಇರಬೇಕು.

2007ರಲ್ಲಿ ರಸೆಲ್ ಎಡ್ವರ್ಡ್ಸ್ ಎಂಬ ವ್ಯಾಪಾರಿ ಹರಾಜಿನಲ್ಲಿ ಒಂದು ಹಳೆಯ ಶಾಲು ಕೊಂಡರು. ಇದು ಎಡೋಸ್ ಶವದ ಪಕ್ಕ ಬಿದ್ದಿದ್ದ ಶಾಲು, ಏಮೊಸ್ ಸಿಂಪ್ಸನ್ ಎಂಬ ಪೊಲೀಸಿನವರು ಮನೆಗೆ ಒಯ್ದಿದ್ದರು, ಆ ಮನೆಯವರು ತಲೆಮಾರುಗಳಿಂದ ಇಟ್ಟುಕೊಂಡಿದ್ದರು ಎಂಬುದು ಅದರ ಹಿಂದಿನ ಕಥೆ. 2014ರಲ್ಲಿ ಪುಸ್ತಕ ಬಂತು, 2019ರಲ್ಲಿ ವಿಧಿವಿಜ್ಞಾನದ ಪತ್ರಿಕೆಯೊಂದರಲ್ಲಿ ಸಂಶೋಧನಾ ಲೇಖನವೂ ಬಂತು. ಶಾಲಿನ ಕಲೆಗಳಿಂದ ತೆಗೆದ ಡಿಎನ್‌ಎ ಒಂದು ಕಡೆ ಎಡೋಸ್ ವಂಶದವರಿಗೆ, ಇನ್ನೊಂದು ಕಡೆ ಕೊಸ್ಮಿನ್‌ಸ್ಕಿಯ ಅಕ್ಕನ ವಂಶದವರಿಗೆ ಹೊಂದುತ್ತದೆ ಎಂದರು. ಜಗತ್ತಿನ ಪತ್ರಿಕೆಗಳೆಲ್ಲ 'ರಹಸ್ಯ ಬಯಲು' ಎಂದು ಬರೆದವು.

ಮೊದಲ ಪ್ರಶ್ನೆ ಕೇಳಲು ವಿಜ್ಞಾನವೇ ಬೇಡ. ಶಾಲು ನಿಜಕ್ಕೂ ಆಕೆಯದೇ? ಎಡೋಸ್ ಸತ್ತಾಗ ಮೈಮೇಲೆ, ಜೇಬಿನಲ್ಲಿ ಇದ್ದ ಪ್ರತಿಯೊಂದನ್ನೂ ಪೊಲೀಸರು ಪಟ್ಟಿ ಮಾಡಿದ್ದಾರೆ. ಕಪ್ಪು ಟೋಪಿ, ಕಪ್ಪು ಜಾಕೆಟ್, ಗಂಡಸರ ಬೂಟು, ಕತ್ತಿಗೆ ಕಟ್ಟಿದ ಕೆಂಪು ವಸ್ತ್ರ, ಒಂದು ಡಬ್ಬಿಯಲ್ಲಿ ಚಹಾಪುಡಿ, ಇನ್ನೊಂದರಲ್ಲಿ ಸಕ್ಕರೆ, ಆರು ತುಂಡು ಸಾಬೂನು, ಬಾಚಣಿಗೆ, ಒಂಟಿ ಕೈಗವಸು, ಹಳೆಯ ಬಟ್ಟೆಯ ಚೂರುಗಳು. ಆ ಚಹಾ ಸಕ್ಕರೆ ಕೊಂಡದ್ದೂ ಜೊತೆಗಾರನ ಬೂಟು ಒತ್ತೆಯಿಟ್ಟ ಹಣದಲ್ಲಿ. ಇಷ್ಟು ಸಣ್ಣ ಸಣ್ಣ ವಸ್ತು ಬರೆದವರು ಒಂದು ದೊಡ್ಡ ಶಾಲನ್ನು ಬಿಟ್ಟರೇ? ಬೂಟು ಒತ್ತೆಯಿಡುವ ಮುಂಚೆ ಅಂಥ ಶಾಲನ್ನೇ ಇಡುತ್ತಿರಲಿಲ್ಲವೇ? ಅದೂ ಅಲ್ಲದೆ ಕೊಲೆ ನಡೆದ ಮೈಟರ್ ಸ್ಕ್ವೇರ್ 'ಸಿಟಿ' ಪೊಲೀಸರ ಸರಹದ್ದು, ಸಿಂಪ್ಸನ್ ಕೆಲಸ ಮಾಡುತ್ತಿದ್ದದ್ದು ಬೇರೆಯೇ ಪೊಲೀಸ್ ಪಡೆಯಲ್ಲಿ.

ಎರಡನೆಯದು ವಿಜ್ಞಾನ. ಇದನ್ನು ನಮ್ಮ ಜೀವಶಾಸ್ತ್ರದ ಮೇಡಂ ಸ್ಟಾಫ್ ರೂಮಿನಲ್ಲಿ ಚಹಾ ಆರುವಷ್ಟರಲ್ಲಿ ಬಿಡಿಸಿ ಹೇಳಿದರು. ಪರೀಕ್ಷೆ ಮಾಡಿದ್ದು ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎಯನ್ನಲ್ಲ, ಮೈಟೊಕಾಂಡ್ರಿಯಾದಲ್ಲಿರುವುದನ್ನು. ಅದು ತಾಯಿಯಿಂದ ಮಾತ್ರ ಬರುತ್ತದೆ. ನನಗೂ, ನನ್ನ ತಾಯಿಗೂ, ತಾಯಿಯ ತಾಯಿಗೂ, ಚಿಕ್ಕಮ್ಮನ ಮಕ್ಕಳಿಗೂ ಸಾಮಾನ್ಯವಾಗಿ ಒಂದೇ. ನಮಗೆ ಗೊತ್ತೇ ಇಲ್ಲದ ಸಾವಿರಾರು ಜನರಿಗೂ ಅದೇ ಇರಬಹುದು. ಹೊಂದದಿದ್ದರೆ 'ಇವನಲ್ಲ' ಎನ್ನಬಹುದು. ಹೊಂದಿದರೆ 'ಇವನೇ' ಎನ್ನಲು ಬರುವುದಿಲ್ಲ. 2014ರ ಪುಸ್ತಕದಲ್ಲಿ ಎಡೋಸ್ ಸಂಬಂಧ ತೋರಿಸಲು ಹೇಳಿದ ಒಂದು ವ್ಯತ್ಯಾಸ 2,90,000 ಜನರಲ್ಲಿ ಒಬ್ಬರಿಗೆ ಮಾತ್ರ ಇರುವಂಥದ್ದು ಎಂದಿತ್ತು. ಆಮೇಲೆ ತಿಳಿದವರು ನೋಡಿದಾಗ ಅದನ್ನು ಗುರುತಿಸುವ ಸಂಖ್ಯೆಯಲ್ಲೇ ತಪ್ಪಾಗಿತ್ತು. 315.1C ಎಂದಿರಬೇಕಾದದ್ದು 314.1C ಆಗಿತ್ತು. 315.1C ಯುರೋಪ್ ಮೂಲದ ಜನರಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಮಂದಿಗೆ ಇರುತ್ತದೆ! ಗುಡ್ಡ ಅಗೆದು ಇಲಿ ಹಿಡಿದರು ಎನ್ನುತ್ತಾರಲ್ಲ, ಇಲ್ಲಿ ಇಲಿಯೂ ಸಿಗಲಿಲ್ಲ.

2019ರ ಲೇಖನದಲ್ಲಿ ಇನ್ನೊಂದು ತೊಂದರೆ. ಬದುಕಿರುವ ವಂಶಸ್ಥರ ಖಾಸಗಿತನದ ಕಾರಣ ಹೇಳಿ ಡಿಎನ್‌ಎಯ ನಿಜವಾದ ಅಕ್ಷರಗಳ ಬದಲು ಬಣ್ಣದ ಚೌಕಗಳನ್ನು ಅಚ್ಚು ಹಾಕಿದ್ದರು. ಬೇರೆ ವಿಜ್ಞಾನಿಗಳು ಪರಿಶೀಲಿಸಲು ಏನೂ ಉಳಿಯಲಿಲ್ಲ. ಲೆಕ್ಕದಲ್ಲಿ ಉತ್ತರ ಮಾತ್ರ ಬರೆದು ಹಂತಗಳನ್ನು ಮುಚ್ಚಿಟ್ಟ ಹಾಗೆ. 2024ರಲ್ಲಿ ಅದನ್ನು ಪ್ರಕಟಿಸಿದ ಪತ್ರಿಕೆಯೇ ಲೇಖನದ ಬಗ್ಗೆ ಕಳವಳ ವ್ಯಕ್ತಪಡಿಸುವ ಪ್ರಕಟಣೆ ಹೊರಡಿಸಿತು. ನೂರಿಪ್ಪತ್ತು ವರ್ಷಗಳಲ್ಲಿ ಆ ಬಟ್ಟೆಯನ್ನು ಎಷ್ಟು ಕೈಗಳು ಮುಟ್ಟಿವೆ ಎಂಬ ಪ್ರಶ್ನೆ ಬೇರೆ.

ಹಾಗಾದರೆ ಕೊಸ್ಮಿನ್‌ಸ್ಕಿ ಕೊಲೆಗಾರ ಅಲ್ಲವೇ ಅಲ್ಲ ಎನ್ನಬಹುದೇ? ಅದನ್ನೂ ಹೇಳಲಾರೆ. ಆ ಪ್ರದೇಶದಲ್ಲೇ ವಾಸ, ಇಬ್ಬರು ಅಧಿಕಾರಿಗಳ ಬರಹದಲ್ಲಿ ಹೆಸರು, ಇಷ್ಟಂತೂ ಇದೆ. ಇವತ್ತು ಓಡಾಡುತ್ತಿರುವ ಚಿತ್ರಕಾರ, ರಾಜಕುಮಾರ, ಹತ್ತಿ ವ್ಯಾಪಾರಿ ಮುಂತಾದ ಹೆಸರುಗಳಿಗಿಂತ ಇವನ ಮೇಲಿನ ಸಂದೇಹಕ್ಕೆ ಸ್ವಲ್ಪ ಹೆಚ್ಚು ತೂಕ. ಆದರೆ ಸಂದೇಹಕ್ಕೆ ತೂಕ ಇರುವುದು ಬೇರೆ, ಅಪರಾಧ ಸಾಬೀತಾಗುವುದು ಬೇರೆ. ನಮ್ಮ ಕಾನೂನಿನಲ್ಲೂ ಈ ಆಧಾರದ ಮೇಲೆ ಯಾವ ನ್ಯಾಯಾಧೀಶರೂ ಶಿಕ್ಷೆ ಕೊಡಲಾರರು.

ಅವನ ಮೇಲೆ ಸಂದೇಹ ಬರಲು ಅಂದಿನ ಗಾಳಿಯೂ ಕಾರಣ ಎಂಬುದನ್ನು ಮರೆಯಬಾರದು. ಚಾಪ್‌ಮನ್ ಕೊಲೆಯಾದಾಗ ಇಂಥ ಕೆಲಸ ಇಂಗ್ಲಿಷರವನು ಮಾಡಲು ಸಾಧ್ಯವೇ ಇಲ್ಲ, ಯಹೂದಿಯೇ ಮಾಡಿರಬೇಕು ಎಂದು ಕೂಗುತ್ತಾ ಜನ ಬೀದಿಯಲ್ಲಿ ಗುಂಪುಗೂಡಿ ಯಹೂದಿಗಳನ್ನು ಬೆದರಿಸಿದರು. ಪತ್ರಿಕೆಗಳು 'ಲೆದರ್ ಏಪ್ರನ್' ಎಂಬ ಅಡ್ಡಹೆಸರಿನ ಒಬ್ಬ ಯಹೂದಿಯ ಬಗ್ಗೆ ಭಯಂಕರ ಕಥೆಗಳನ್ನು ಬರೆದವು. ಸೆಪ್ಟೆಂಬರ್ 10ರಂದು ಜಾನ್ ಪೈಜರ್ ಎಂಬ ಬೂಟು ಹೊಲಿಯುವವನನ್ನು ಪೊಲೀಸರು ಹಿಡಿದರು. ನಿಕೋಲ್ಸ್ ಕೊಲೆಯ ರಾತ್ರಿ ಬಂದರಿನ ಬೆಂಕಿ ನೋಡುತ್ತಾ ಅವನು ಮಾತಾಡಿದ್ದು ಪೊಲೀಸಿನವನೊಬ್ಬನ ಜೊತೆಯಲ್ಲೇ! ಎರಡು ದಿನದಲ್ಲಿ ನಿರಪರಾಧಿಯೆಂದು ಸ್ಪಷ್ಟವಾಯಿತು. ಎಡೋಸ್ ಕೊಲೆಯ ರಾತ್ರಿ ಗೌಲ್‌ಸ್ಟನ್ ಬೀದಿಯ ಗೋಡೆಯ ಮೇಲೆ ಯಹೂದಿಗಳನ್ನು ಉದ್ದೇಶಿಸಿದ ಸೀಮೆಸುಣ್ಣದ ಬರಹ ಕಂಡಾಗ ಪೊಲೀಸ್ ಕಮಿಷನರ್ ಚಾರ್ಲ್ಸ್ ವಾರೆನ್ ಬೆಳಗಾಗುವ ಮುಂಚೆಯೇ ತಾವೇ ಬಂದು ಅಳಿಸಿಹಾಕಿಸಿದರು. ಫೋಟೊ ಕೂಡ ತೆಗೆಸಲಿಲ್ಲ. ಸಾಕ್ಷ್ಯ ಹಾಳಾಯಿತೆಂದು ಇವತ್ತಿಗೂ ಅವರನ್ನು ಬೈಯುವವರಿದ್ದಾರೆ. ಜನ ಸೇರುವ ಹೊತ್ತಿಗೆ ಅದು ಅಲ್ಲಿದ್ದರೆ ಗಲಭೆಯಾಗಿ ಮನೆಗಳು ಧ್ವಂಸವಾಗುತ್ತಿದ್ದವು ಎಂಬುದು ಅವರ ಲೆಕ್ಕ. ಆ ಜಾಗದಲ್ಲಿ ನಾನಿದ್ದರೂ ಬಹುಶಃ ಅಳಿಸಿಯೇ ಬಿಡುತ್ತಿದ್ದೆ. ನಮ್ಮ ರಾಜ್ಯಶಾಸ್ತ್ರದ ಉಪನ್ಯಾಸಕರು ಇದನ್ನು ಒಪ್ಪುವುದಿಲ್ಲ, ಒಂದು ಮೂಲೆಯನ್ನು ಬಟ್ಟೆಯಿಂದ ಮುಚ್ಚಿ ಫೋಟೊ ತೆಗೆಯಬಹುದಿತ್ತು ಎನ್ನುತ್ತಾರೆ. ಈ ಚರ್ಚೆ ಇನ್ನೂ ಮುಗಿದಿಲ್ಲ.

ಕೊಸ್ಮಿನ್‌ಸ್ಕಿಯನ್ನು 1894ರ ಏಪ್ರಿಲ್‌ನಲ್ಲಿ ಲೀವ್ಸ್‌ಡೆನ್ ಎಂಬಲ್ಲಿನ ಇನ್ನೊಂದು ಆಸ್ಪತ್ರೆಗೆ ಸಾಗಿಸಿದರು. ಎರಡೂ ಆಸ್ಪತ್ರೆಗಳಲ್ಲಿ ಒಟ್ಟು 28 ವರ್ಷ ಕಳೆದ. ಇಷ್ಟು ವರ್ಷಗಳ ಟಿಪ್ಪಣಿಗಳಲ್ಲಿ ಗಲಾಟೆ ಎನ್ನಬಹುದಾದದ್ದು ಒಂದೇ, ಒಮ್ಮೆ ಸಿಬ್ಬಂದಿಯ ಮೇಲೆ ಕುರ್ಚಿ ಎತ್ತಿದ್ದು. ಅವನ ಮೇಲೆ ಕೊಲೆಯ ಸಂದೇಹವಿತ್ತು ಎಂಬ ಒಂದು ಸಾಲೂ ಆ ಟಿಪ್ಪಣಿಗಳಲ್ಲಿಲ್ಲ. ಕೊನೆಗೆ ಅವನ ತೂಕ 96 ಪೌಂಡಿಗೆ, ಅಂದರೆ ಸುಮಾರು 44 ಕಿಲೋಗೆ ಇಳಿದಿತ್ತು. 1919ರ ಮಾರ್ಚ್ 24ರಂದು ತೀರಿಕೊಂಡ.